ಮೇಲೊಂದು ರೌಂಡು

ಹಂಪಿ ಉತ್ಸವದಲ್ಲಿ ‘ಹಂಪಿ ಬೈ ಸ್ಕೈ’ ಅಂತ ಹೆಲಿಕಾಪ್ಟರ್ ಹತ್ತಿಸುವುದನ್ನು ಕಂಡಾಗಿನಿಂದ ನಮ್ಮ ಬಳ್ಳಾರಿ ಮಂದಿಗೆ ನೆಲ ರುಚಿಸುತ್ತಿಲ್ಲ. ಹಂಪಿಯಂತೂ 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ನಮ್ಮ ಜಿಲ್ಲೆಯ ಮೇಲೊಂದು ರೌಂಡು ಹೊಡೆಯಲು ನಮಗೊಂದು ಪುಟ್ಟ ವಿಮಾನವಾದರೂ ಬೇಡವೇ?

ಸಿರುಗುಪ್ಪದ ಮಾವ ಈಗಲೇ ಶುರುಹಚ್ಚಿಕೊಂಡಿದ್ದಾರೆ: “ನಮ್ಮ ಗದ್ದಿ ಮ್ಯಾಲೆ ಸ್ವಲ್ಪ ಸ್ಲೋ ಮಾಡ್ಸಪ್ಪ, ಕಾಲುವಿ ನೀರು ಕಡೀ ಮಡಿಗೆ ಮುಟ್ಟೇತೋ ಇಲ್ಲೋ ನೋಡ್ಬೇಕು.” ಕುರುಗೋಡಿನ ಅತ್ತೆಗೆ ದೊಡ್ಡಬಸವೇಶ್ವರನ ನೆತ್ತಿಯ ಮೇಲೆ ಹಾರಿದರೆ ಪಾಪ ಬಂದೀತೆಂಬ ಚಿಂತೆ. ಚಪ್ಪಲಿ ಬಿಟ್ಟು ಹತ್ತಿರಿ ಅಂದೆ.

ನನಗೆ ಬಳ್ಳಾರಿ ಕೋಟೆ ಕಂಡರೆ ಸಾಕು. ಎದುರಿನ ಕುಂಬಾರ ಗುಡ್ಡವೇ ಎತ್ತರವೆಂದು ತಿಳಿದ ಹೈದರಾಲಿ, ಕೋಟೆ ಕಟ್ಟಿಸಿದ ಫ್ರೆಂಚ್ ಎಂಜಿನಿಯರನ್ನು ಗಲ್ಲಿಗೇರಿಸಿದನಂತೆ. ಮೇಲಿಂದ ನೋಡಿದ್ದರೆ ಎರಡೂ ಸಪಾಟು, ಬಡಪಾಯಿ ಬದುಕಿಕೊಳ್ಳುತ್ತಿದ್ದ!

ಖರ್ಚಿನಲ್ಲಿ ಮಾವ ಅರ್ಧ ಕೊಡುತ್ತಾರಂತೆ, ಭತ್ತಕ್ಕೆ ರೇಟು ಬಂದ ಮೇಲೆ.