ಸಂಕಿರಣ–ವಿಕಿರಣ ನ್ಯಾಯ: ಮೂರು ತಾಲೂಕುಗಳ ನಾಯಕತ್ವ ಮೀಮಾಂಸೆ

ರಾಜಕೀಯ ನಾಯಕತ್ವ ಹಾಗೂ ರಾಷ್ಟ್ರನಾಯಕರ ಕುರಿತ ಶೈಕ್ಷಣಿಕ ವಿಚಾರ ಸಂಕಿರಣವೆಂಬುದು ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲೂಕುಗಳ ಸಾರ್ವಜನಿಕ ಜೀವನದಲ್ಲಿ ಭದ್ರವಾಗಿ ಬೇರೂರಿದ ಒಂದು ಕ್ರಿಯೆಯಾಗಿದ್ದು, ಅದರ ಫೋಟೋಗಳು ಯಥೇಚ್ಛವಾಗಿ ಲಭ್ಯವಿದ್ದರೂ ಅದರ ಶಾಸ್ತ್ರವಿನ್ನೂ ಸಮಿತಿ ಸಭೆಗಳ ಬಾಯಿಮಾತಿನಲ್ಲೇ ಉಳಿದಿದೆ. ಪರಿಭಾಷೆಯಿಂದ ಆರಂಭಿಸುವುದು ವಿಹಿತ. ‘ಸಂಕಿರಣ’ ಶಬ್ದದ ಮೂಲವಾದ ಸಂಸ್ಕೃತ ಧಾತುವಿಗೆ ಚೆಲ್ಲು, ಹರಡು ಎಂಬ ಅರ್ಥಗಳಿವೆ. ‘ಸಂ’ ಉಪಸರ್ಗ ಸೇರಿದರೆ ಒಟ್ಟಿಗೆ ಬೆರೆಯುವುದು, ‘ವಿ’ ಸೇರಿದರೆ ಚದುರಿಹೋಗುವುದು. ಬೆಳಿಗ್ಗೆ ಹತ್ತೂವರೆಗೆ ಸಂಕಿರಣವಾಗಿ ಆರಂಭಗೊಂಡದ್ದು ಊಟದ ಎಲೆ ಎತ್ತಿದ ಮೇಲೆ ವಿಕಿರಣವಾಗುವುದು ಎಲ್ಲರೂ ಕಂಡ ಸಂಗತಿಯಾದರೂ, ಎರಡಕ್ಕೂ ಧಾತು ಒಂದೇ ಆಗಿರುವುದರಿಂದ ಅದನ್ನು ಸಂಘಟಕರ ಲೋಪವೆಂದು ದೂರುವುದು ವ್ಯಾಕರಣಕ್ಕೆ ವಿರುದ್ಧವಾಗುತ್ತದೆ.

ಸ್ಥಳನಿರ್ಣಯ ಈ ಶಾಸ್ತ್ರದ ಮೊದಲ ಅಂಗ. ಕುಂದಾಪುರ ಪೇಟೆಯಲ್ಲಿ ಗಾಂಧಿ ಮೈದಾನವಿದೆ, ನೆಹರೂ ಮೈದಾನವಿದೆ, ಶಾಸ್ತ್ರಿ ಸರ್ಕಲ್ ಇದೆ. ಅಂದರೆ ರಾಷ್ಟ್ರನಾಯಕರು ಇಲ್ಲಿ ವಿಚಾರವಾಗುವ ಮೊದಲೇ ವಿಳಾಸವಾಗಿದ್ದಾರೆ. ಶಾಸ್ತ್ರಿ ಎಲ್ಲಿ ಎಂದು ಕೇಳಿದವರಿಗೆ ಬಸ್ ಕಂಡಕ್ಟರ್ ಫ್ಲೈಓವರಿನ ಅಡಿಗೆ ಕೈ ತೋರಿಸುತ್ತಾನೆಯೇ ಹೊರತು ತಾಷ್ಕೆಂಟಿನ ಕಡೆಗಲ್ಲ. 1934ರ ಫೆಬ್ರವರಿಯಲ್ಲಿ ಹರಿಜನ ಪ್ರವಾಸದ ನಡುವೆ ಗಾಂಧೀಜಿ ಕುಂದಾಪುರಕ್ಕೆ ಬಂದದ್ದು ಒಂದು ಇಡೀ ಗೋಷ್ಠಿಗೆ ಸಾಕಾಗುವ ವಿಷಯವಾದರೂ, ಸಮಿತಿಯ ಚರ್ಚೆಯಲ್ಲಿ ಗಾಂಧಿ ಎಂದರೆ ಮೈದಾನ, ಮೈದಾನ ಎಂದರೆ ಶಾಮಿಯಾನ, ಶಾಮಿಯಾನ ಎಂದರೆ ಖರ್ಚು ಎಂಬ ಅನುಮಾನಪರಂಪರೆ ತಾನಾಗಿಯೇ ಮುಂದುವರಿದು, ಕೊನೆಗೆ ಫ್ಯಾನ್ ಇರುವ ಒಂದು ಸಭಾಭವನವೇ ಸಿದ್ಧಾಂತವಾಗಿ ಉಳಿಯುತ್ತದೆ.

ದಿನನಿರ್ಣಯ ಇದಕ್ಕಿಂತ ಸರಳ, ಏಕೆಂದರೆ ಇಲ್ಲಿ ಆಯ್ಕೆಯೇ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ. ದೀಪಾವಳಿ ಕಳೆದ ಮೇಲೆ ಯಕ್ಷಗಾನ ಮೇಳಗಳ ತಿರುಗಾಟ, ಕೋಟೇಶ್ವರದ ಕೊಡಿ ಹಬ್ಬ, ಕಂಬಳ, ಕೋಲ ಮತ್ತು ಮದುವೆಗಳು ಒಂದರ ಮೇಲೊಂದು ಬಂದು ಮೇ ತಿಂಗಳವರೆಗೂ ಜನ ಸಿಗುವುದಿಲ್ಲ. ನಡುವೆ ಉಳಿಯುವುದು ಅಕ್ಟೋಬರ್ 2. ಅದು ಗಾಂಧೀಜಿ ಹಾಗೂ ಲಾಲ್ ಬಹದ್ದೂರ್ ಶಾಸ್ತ್ರಿ ಇಬ್ಬರ ಜನ್ಮದಿನವೂ ಆಗಿರುವುದರಿಂದ ಒಂದೇ ಹಾರದ ಖರ್ಚಿನಲ್ಲಿ ಎರಡು ಭಾವಚಿತ್ರಗಳ ಪೂಜೆ ಸಾಧ್ಯವೆಂಬ ಅನುಕೂಲವಿದ್ದರೂ, ಅಂದು ಮಾಂಸ ಮಾರಾಟ ನಿಷಿದ್ಧವಾದ್ದರಿಂದ ಕೋಳಿ ಸುಕ್ಕ ಅಸಾಧ್ಯವಾಗಿ ಸಭಿಕರ ಸಂಖ್ಯೆಯ ಅಂದಾಜನ್ನು ಕೆಳಗಿಳಿಸಬೇಕಾಗುತ್ತದೆ.

ಶಾಸ್ತ್ರದ ಜೀವ ಇರುವುದು ಆಮಂತ್ರಣ ಪತ್ರಿಕೆಯಲ್ಲಿ. ಇದನ್ನು ಅರಿಯಬೇಕಾದರೆ ಈ ಮೂರು ತಾಲೂಕುಗಳ ರಾಜಕೀಯ ಭೂಗೋಳವನ್ನು ಅರಿಯಬೇಕು. ಅದು ಬಸ್ರೂರು, ಬಾರ್ಕೂರುಗಳ ಇತಿಹಾಸಕ್ಕಿಂತಲೂ ಜಟಿಲವಾದದ್ದು. ಬೈಂದೂರು ವಿಧಾನಸಭಾ ಕ್ಷೇತ್ರ ಉಡುಪಿ ಜಿಲ್ಲೆಯಲ್ಲಿದ್ದರೂ ಲೋಕಸಭೆಯ ಮಟ್ಟಿಗೆ ಶಿವಮೊಗ್ಗಕ್ಕೆ ಸೇರುತ್ತದೆ. ಕುಂದಾಪುರ ಕ್ಷೇತ್ರ ಉಡುಪಿ–ಚಿಕ್ಕಮಗಳೂರಿಗೆ ಸೇರುತ್ತದೆ. ಕುಂದಾಪುರ ತಾಲೂಕಿನದೇ ವಂಡ್ಸೆ ಕಡೆಯ ಮತದಾರ ಬೈಂದೂರಿನ ಶಾಸಕರನ್ನು ಆರಿಸಿ ಘಟ್ಟದ ಮೇಲಿನ ಸಂಸದರನ್ನು ಕಾಯುತ್ತಾನೆ. ಬ್ರಹ್ಮಾವರದ ಸ್ಥಿತಿ ಇನ್ನೂ ತಾತ್ತ್ವಿಕವಾದದ್ದು: 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಅದರ ವಿಧಾನಸಭಾ ಕ್ಷೇತ್ರ ಇಲ್ಲವಾಗಿ, ಹತ್ತು ವರ್ಷಗಳ ತರುವಾಯ 2018ರಲ್ಲಿ ಅದೇ ಊರು ತಾಲೂಕಾಯಿತು, ಶಾಸಕರಿದ್ದಾಗ ತಹಶೀಲ್ದಾರರಿಲ್ಲ, ತಹಶೀಲ್ದಾರರು ಬಂದಾಗ ತನ್ನ ಹೆಸರಿನ ಶಾಸಕರಿಲ್ಲ. ಕೋಟ, ಸಾಲಿಗ್ರಾಮದ ಕಡೆಯವರು ಕುಂದಾಪುರ ಕ್ಷೇತ್ರಕ್ಕೂ ಬ್ರಹ್ಮಾವರ ಪೇಟೆಯವರು ಉಡುಪಿ ಕ್ಷೇತ್ರಕ್ಕೂ ಹಂಚಿಹೋಗಿದ್ದಾರೆ. ಹೀಗೆ ಲೆಕ್ಕ ಹಾಕಿದರೆ ಸಂಸದರು 2, ಶಾಸಕರು 3. ವಿಧಾನ ಪರಿಷತ್ತಿಗೆ ಸ್ಥಳೀಯ ಸಂಸ್ಥೆಗಳಿಂದ 2, ನೈಋತ್ಯ ಪದವೀಧರ ಕ್ಷೇತ್ರದಿಂದ 1, ಕಾರ್ಯಕ್ರಮ ಶೈಕ್ಷಣಿಕವಾದ್ದರಿಂದ ಬಿಡಲಾಗದ ನೈಋತ್ಯ ಶಿಕ್ಷಕರ ಕ್ಷೇತ್ರದಿಂದ 1. ಉಪನ್ಯಾಸಕಾರ ಯಾರೆಂದು ಇನ್ನೂ ಗೊತ್ತಾಗುವ ಮುನ್ನವೇ ವೇದಿಕೆಯ ಮೇಲೆ ಒಂಬತ್ತು ಕುರ್ಚಿಗಳು ಭರ್ತಿಯಾಗಿರುತ್ತವೆ.

ಇಷ್ಟು ಜನರನ್ನು ಒಂದೇ ಹಾಳೆಯಲ್ಲಿ ಕೂರಿಸಲು ಬೆಳೆದುಬಂದ ಪದಗಳಿಗೆ ಸೂಕ್ಷ್ಮ ಅರ್ಥಭೇದಗಳಿವೆ. ‘ಉದ್ಘಾಟಕರು’ ಎಂದರೆ ಬರುವ ಸಂಭವವಿರುವವರು. ‘ಮುಖ್ಯ ಅತಿಥಿ’ ಎಂದರೆ ಬಂದು ಬೇಗ ಹೋಗುವವರು. ‘ಘನ ಉಪಸ್ಥಿತಿ’ ಎಂದರೆ ಮಾತಾಡದೆ ಕೂತರೆ ಸಾಕಾದವರು. ‘ವಿಶೇಷ ಆಹ್ವಾನಿತರು’ ಎಂದರೆ ಹೆಸರಿದ್ದು ಕುರ್ಚಿಯಿಲ್ಲದವರು. ‘ತಮಗೆಲ್ಲರಿಗೂ ಆದರದ ಸ್ವಾಗತ’ ಎಂಬ ಕೊನೆಯ ಸಾಲಿನಲ್ಲಿ ಬರುವವರನ್ನು ಸಭಿಕರೆನ್ನುತ್ತಾರೆ. ನಾಯಕತ್ವದ ಗುಣಗಳೆಂದು ಗ್ರಂಥಗಳು ಹೇಳುವ ದೂರದೃಷ್ಟಿ, ಸಮದರ್ಶಿತ್ವ, ಸಂಕಟದಲ್ಲಿ ಸ್ಥೈರ್ಯ ಇವೆಲ್ಲವೂ ಸಂಪೂರ್ಣವಾಗಿ ಪ್ರಕಟವಾಗುವುದು ಯಾವ ರಾಷ್ಟ್ರನಾಯಕನಲ್ಲೂ ಅಲ್ಲ, ಕರಡು ತಿದ್ದುವ ಕಾರ್ಯದರ್ಶಿಯಲ್ಲಿ. ಪತ್ರಿಕೆ ಅಚ್ಚಾಗಿ ಬಂದ ಸಂಜೆಯೇ ಆತನಿಗೆ ಬರುವ ಮೊದಲ ಫೋನು ‘ಹ್ವಾಯ್’ ಎಂದು ಶುರುವಾಗುತ್ತದೆ. ಆ ಎರಡಕ್ಷರದ ರಾಗದಲ್ಲೇ ಯಾರ ಹೆಸರು ಬಿಟ್ಟುಹೋಗಿದೆ ಎಂಬುದು ಅವನಿಗೆ ತಿಳಿದುಹೋಗುತ್ತದೆ.

ಉದ್ಘಾಟನಾ ವಿಧಿಯು ಕರಾವಳಿಯಲ್ಲಿ ದೀಪಕ್ಕಷ್ಟೇ ನಿಲ್ಲದೆ ಹಿಂಗಾರ ಅರಳಿಸುವಲ್ಲಿಗೆ ಮುಂದುವರಿಯುತ್ತದೆ. ಹಿಂಗಾರವೆಂದರೆ ಅಡಿಕೆಯ ಹೂಗೊಂಚಲು. ಹಾಳೆಯಲ್ಲಿ ಬಿಗಿಯಾಗಿ ಮುಚ್ಚಿಕೊಂಡಿರುವ ಅದನ್ನು ಸೀಳಿ ಬಿಡಿಸಿ ಕಳಸೆಯ ಭತ್ತದ ಮೇಲೆ ಇಡಬೇಕು. ಹೆಬ್ಬೆರಳ ಉಗುರಿನಿಂದ ಅಂಚು ಎಬ್ಬಿಸಿ ಒಂದೇ ಎಳೆತಕ್ಕೆ ಹಾಳೆ ಬಿಡಿಸುವವರು ತೋಟ ಕಂಡವರು. ಅದನ್ನು ತಿರುಗಿಸಿ ಮುರುಗಿಸಿ, ಕೊನೆಗೆ ಪಕ್ಕದವರ ಕೈಗೆ ಕೊಟ್ಟು ಕ್ಯಾಮೆರಾದತ್ತ ನಗುವವರು ತೋಟದ ಬಗ್ಗೆ ಭಾಷಣ ಮಾಡಿದವರು. ನಾಯಕತ್ವ ಪರೀಕ್ಷೆಗೆ ಇಷ್ಟು ಪ್ರಾಮಾಣಿಕವಾದ ಇನ್ನೊಂದು ಉಪಕರಣ ರಾಜ್ಯಶಾಸ್ತ್ರದಲ್ಲಿಲ್ಲ. ಅದರ ಫಲಿತಾಂಶವನ್ನು ಮುಂದಿನ ಸಾಲಿನ ಹೆಂಗಸರು ಸೆರಗಿನ ಮರೆಯಲ್ಲಿ ಘೋಷಿಸುತ್ತಾರೆ.

ಗೋಷ್ಠಿಗಳ ವಿಷಯಕ್ಕೆ ಬಂದರೆ ಹೇಳುವುದು ಹೆಚ್ಚಿಲ್ಲ, ಅಲ್ಲಿಗೆ ಬರುವಷ್ಟರಲ್ಲಿ ಗಂಟೆ ಒಂದಾಗಿರುತ್ತದೆ. ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು ತುರ್ತು ಪರಿಸ್ಥಿತಿಯನ್ನು ಪ್ರತಿಭಟಿಸಿ ಪದ್ಮಭೂಷಣವನ್ನು ಹಿಂದಿರುಗಿಸಿದವರು. ಕೈಗಾ ಅಣುಸ್ಥಾವರವನ್ನು ವಿರೋಧಿಸಿ 1989ರಲ್ಲಿ ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತು ಸೋತವರು. ಹೀಗಾಗಿ ‘ಸೋತ ನಾಯಕತ್ವ’ ಎಂಬ ಗೋಷ್ಠಿಯೊಂದು ನ್ಯಾಯವಾಗಿ ಇರಬೇಕಾಗಿತ್ತು. ಆದರೆ ಸೋತವರ ಪರವಾಗಿ ಬಸ್ಸು ಮಾಡಿ ಜನ ತರುವವರು ಯಾರು ಎಂಬ ಪ್ರಶ್ನೆಗೆ ಸಮಿತಿಯಲ್ಲಿ ಉತ್ತರ ದೊರೆಯದೆ ಆ ಸಲಹೆ ಬಿದ್ದುಹೋಗುತ್ತದೆ.

ಸಂವಾದದ ವೇಳೆ ಭಾಷಾಶಾಸ್ತ್ರದ ಒಂದು ತೊಡಕು ಎದುರಾಗುವ ಸಂಭವವಿದೆ. ಕುಂದಗನ್ನಡದಲ್ಲಿ ‘ಇತ್ತ್’ ಎಂಬುದು ವರ್ತಮಾನಕಾಲ; ಗ್ರಂಥಸ್ಥ ಕನ್ನಡದ ‘ಇದೆ’ಗೆ ಸಮ. ಊರಿನ ಹಿರಿಯರೊಬ್ಬರು ಎದ್ದು ‘ನಮ್ಮಲ್ ಒಳ್ಳೆ ನಾಯಕತ್ವ ಇತ್ತ್’ ಎಂದರೆ, ಬೆಂಗಳೂರಿನಿಂದ ಬಂದ ಉಪನ್ಯಾಸಕಾರರು ಅದನ್ನು ಗತವೈಭವವೆಂದು ತಿಳಿದು ನಿಟ್ಟುಸಿರಿಟ್ಟು ಬರೆದುಕೊಳ್ಳುತ್ತಾರೆ. ವೇದಿಕೆಯ ಮೇಲಿರುವ ಸ್ಥಳೀಯರು ಈ ತಪ್ಪನ್ನು ತಿದ್ದುವುದಿಲ್ಲ. ಎರಡರಲ್ಲಿ ಯಾವ ಅರ್ಥ ಸರಿ ಎಂಬ ಬಗ್ಗೆ ಅವರಲ್ಲೇ ಒಮ್ಮತವಿಲ್ಲ. ಅದೇ ಹೊತ್ತಿಗೆ ಹಿಂದಿನ ಸಾಲಿನಿಂದ ‘ಊಟಕ್ ಎಂತ ಇತ್ತ್?’ ಎಂಬ ಪ್ರಶ್ನೆ ಬಂದು, ಅಲ್ಲಿ ಮಾತ್ರ ಕಾಲನಿರ್ಣಯ ನಿಸ್ಸಂದೇಹವಾಗಿರುವುದರಿಂದ ಸಭೆ ಎದ್ದು ನಿಲ್ಲುತ್ತದೆ.

ವಿಕಿರಣಗೊಂಡ ಸಭಿಕರು ಬೈಂದೂರಿನ ಕಡೆಗೂ ಬ್ರಹ್ಮಾವರದ ಕಡೆಗೂ ಬಸ್ಸು ಹಿಡಿದು ಸಾಗುವುದು ಈಗ 66 ಎಂದೂ ಹಿಂದೆ 17 ಎಂದೂ ಸಂಖ್ಯೆ ಪಡೆದ ರಾಷ್ಟ್ರೀಯ ಹೆದ್ದಾರಿಯ ಮೇಲೆ. ಈ ಕರಾವಳಿಗೆ ಆ ಹೆದ್ದಾರಿಯನ್ನು ತಂದವರೆಂದು ನೆನೆಯಲಾಗುವ ಉಳ್ಳಾಲ ಶ್ರೀನಿವಾಸ ಮಲ್ಯರು ಸಂವಿಧಾನ ರಚನಾ ಸಭೆಯ ಸದಸ್ಯರಾಗಿದ್ದವರು; 1952, 1957 ಮತ್ತು 1962ರ ಮೂರು ಚುನಾವಣೆಗಳಲ್ಲಿ ಈ ಭಾಗದಿಂದ ಲೋಕಸಭೆಗೆ ಗೆದ್ದವರು; ಸುರತ್ಕಲ್ಲಿನ ಎಂಜಿನಿಯರಿಂಗ್ ಕಾಲೇಜು, ನವಮಂಗಳೂರು ಬಂದರುಗಳ ಹಿಂದೆಯೂ ಇದ್ದವರು. ನಾಯಕತ್ವದ ಮೇಲಿನ ಸಂಕಿರಣದ ಕಾರ್ಯಕ್ರಮ ಪಟ್ಟಿಯಲ್ಲಿ ಅವರ ಹೆಸರನ್ನು ಸೇರಿಸುವ ಅಗತ್ಯ ಶಾಸ್ತ್ರದ ಪ್ರಕಾರ ಉಂಟಾಗುವುದಿಲ್ಲ. ಅವರು 1965ರ ಡಿಸೆಂಬರಿನಲ್ಲಿ, ಸಂಸದರಾಗಿರುವಾಗಲೇ ತೀರಿಕೊಂಡರು. ಹೆಸರು ಬಿಟ್ಟುಹೋಯಿತೆಂದು ಅವರ ಕಡೆಯಿಂದ ಫೋನು ಬರುವುದಿಲ್ಲ.