ಸದರಿ ಹೆದ್ದಾರಿಯ ಹೇಳಿಕೆ

ಮದುವೆಯ ಬೆನ್ನಿಗೇ ವಧೂವರರು ಕಾರಿನಲ್ಲಿ ಕಡಲ ದಂಡೆಯ ಹಾದಿ ಹಿಡಿಯುವುದನ್ನು ವಿವಾಹ ಸಂಸ್ಕಾರದ ಅಂಗವೆಂದು ಯಾವ ಸ್ಮೃತಿಕಾರರೂ ವಿಧಿಸಿಲ್ಲವಾದರೂ, ಧಾರೆಗೂ ಸಪ್ತಪದಿಗೂ ಸಲ್ಲುವ ಕಡ್ಡಾಯದ ಗೌರವ ಈಗ ಅದಕ್ಕೂ ಸಲ್ಲುತ್ತಿದೆ. ಬೆಂಗಳೂರಿನ ದಂಪತಿಗಳು ಶಿರಾಡಿ ಘಾಟಿ ಇಳಿದು, ಮಂಗಳೂರಿನಲ್ಲಿ ಉತ್ತರಕ್ಕೆ ತಿರುಗಿ, ಉಡುಪಿ, ಕುಂದಾಪುರ, ಭಟ್ಕಳ, ಹೊನ್ನಾವರ, ಕುಮಟಾ, ಅಂಕೋಲಾ, ಕಾರವಾರಗಳನ್ನು ದಾಟಿ ಗೋವಾ ಸೇರುವ ಈ ಯಾನದ ಬಗ್ಗೆ ಮಾತನಾಡುವ ಅಧಿಕಾರ ಇಲ್ಲಿಯವರೆಗೆ ದಂಪತಿಗಳಿಗೂ ಅವರ ಛಾಯಾಗ್ರಾಹಕರಿಗೂ ರೆಸಾರ್ಟುಗಳ ಜಾಹೀರಾತುಗಳಿಗೂ ಮಾತ್ರ ಇತ್ತು; ಇವರೆಲ್ಲರ ಭಾರ ಹೊತ್ತ ರಸ್ತೆಯ ಅಭಿಪ್ರಾಯವನ್ನು ಕೇಳಿದವರಿಲ್ಲ. ಆ ಲೋಪವನ್ನು ಸರಿಪಡಿಸುವ ಉದ್ದೇಶದ ಪ್ರಸ್ತುತ ಸಂದರ್ಶನವು ಉಡುಪಿ ಜಿಲ್ಲೆಯ ಮರವಂತೆಯಲ್ಲಿ, ಪಶ್ಚಿಮಕ್ಕೆ ಅರಬ್ಬಿ ಸಮುದ್ರ, ಪೂರ್ವಕ್ಕೆ ಸೌಪರ್ಣಿಕಾ ನದಿ, ನಡುವೆ ರಸ್ತೆ ಎಂಬಂತಿರುವ ಸ್ಥಳದಲ್ಲಿ ನಡೆಯಿತು. ಸರ್ಕಾರಿ ಸ್ವತ್ತಾಗಿರುವುದರಿಂದ ಉತ್ತಮ ಪುರುಷದಲ್ಲಿ ಮಾತನಾಡಲು ಮಂಜೂರಾತಿ ಇಲ್ಲವೆಂದು ಆರಂಭದಲ್ಲಿಯೇ ತಿಳಿಸಿದ ಹೆದ್ದಾರಿಯು, ಕಡತದ ರೂಢಿಯಂತೆ ತನ್ನನ್ನು ‘ಸದರಿ ರಸ್ತೆ’ ಎಂದೇ ಕರೆದುಕೊಂಡಿತು.

ಪ್ರಶ್ನೆ: ಓದುಗರಿಗಾಗಿ ಮೊದಲು ಒಂದು ಪರಿಚಯ ಆಗಬಹುದೇ?

ಹೆದ್ದಾರಿ: ಸದರಿ ರಸ್ತೆಯು ರಾಷ್ಟ್ರೀಯ ಹೆದ್ದಾರಿ 66. ಮಹಾರಾಷ್ಟ್ರದ ಪನ್ವೇಲ್‌ನಲ್ಲಿ ಹೊರಟು, ಗೋವಾ, ಕರ್ನಾಟಕ, ಕೇರಳಗಳನ್ನು ಹಾದು, ತಮಿಳುನಾಡಿನ ಕನ್ಯಾಕುಮಾರಿಯಲ್ಲಿ ಮುಗಿಯುವ ಅದರ ಉದ್ದ 1,600 ಕಿಲೋಮೀಟರಿಗೂ ಮಿಗಿಲು. ಅದರಲ್ಲಿ ತಲಪಾಡಿಯಿಂದ ಮಾಜಾಳಿಯವರೆಗಿನ ಸುಮಾರು 300 ಕಿಲೋಮೀಟರು ಕರ್ನಾಟಕದ ಪಾಲಿನದು. ಮೊದಲಿನ ಸಂಖ್ಯೆ 17. ಉತ್ತರ–ದಕ್ಷಿಣವಾಗಿ ಸಾಗುವ ಹೆದ್ದಾರಿಗಳಿಗೆ ಸಮ ಸಂಖ್ಯೆಗಳಿರಬೇಕು, ಅವು ಪೂರ್ವದಿಂದ ಪಶ್ಚಿಮಕ್ಕೆ ಏರುತ್ತ ಹೋಗಬೇಕು ಎಂಬ ಹೊಸ ನಿಯಮ 2010ರಲ್ಲಿ ಬಂದಾಗ, ಪನ್ವೇಲ್‌ನಿಂದ ಕೊಚ್ಚಿಯ ಇಡಪ್ಪಳ್ಳಿಯವರೆಗಿದ್ದ 17ನ್ನು ಅಲ್ಲಿಂದ ಕನ್ಯಾಕುಮಾರಿಗೆ ಹೋಗುತ್ತಿದ್ದ ಹಳೆಯ 47ರ ದಕ್ಷಿಣ ಭಾಗದೊಂದಿಗೆ ಕೂಡಿಸಿ 66 ಎಂದು ಹೆಸರಿಡಲಾಯಿತು. ಅಂದರೆ ಸದರಿ ರಸ್ತೆಗೂ ಮದುವೆಯಾಗಿದೆ. ಜಾತಕ ನೋಡಲಿಲ್ಲ, ಒಪ್ಪಿಗೆ ಕೇಳಲಿಲ್ಲ, ರಾಜಪತ್ರದಲ್ಲಿ ಅಧಿಸೂಚನೆಯೊಂದು ಬಂತು, ಅಷ್ಟೇ. ಗಂಡನ ಮನೆಯಲ್ಲಿ ಹೆಸರು ಬದಲಾದ ಸೊಸೆಗೆ ತವರಿನಲ್ಲಿ ಹಳೆಯ ಹೆಸರೇ ಉಳಿಯುವಂತೆ, ಕರಾವಳಿಯ ಹಿರಿಯ ಲಾರಿ ಚಾಲಕರ ಬಾಯಲ್ಲಿ ಸದರಿ ರಸ್ತೆ ಇನ್ನೂ ಹದಿನೇಳೇ ಆಗಿದೆ.

ಪ್ರಶ್ನೆ: ಇಷ್ಟು ವಾಹನಗಳ ನಡುವೆ ನವದಂಪತಿಗಳ ಕಾರನ್ನು ಗುರುತಿಸುವುದು ಹೇಗೆ?

ಹೆದ್ದಾರಿ: ಹಿಂದಿನ ಗಾಜಿಗೆ ಅಂಟಿಸಿದ ಹೆಸರುಗಳಿಂದ ಎಂದು ಜನ ಭಾವಿಸಿದ್ದಾರೆ. ಅವು ಶಿರಾಡಿಯ ಮಳೆಗೋ ಧೂಳಿಗೋ ಅರ್ಧ ಅಳಿಸಿಹೋಗಿರುತ್ತವೆ. ಖಚಿತವಾದ ಲಕ್ಷಣವೆಂದರೆ ವೇಗದ ಏರಿಳಿತ, ಮತ್ತು ಅದಕ್ಕೊಂದು ಭೌಗೋಳಿಕ ಕಾರಣವಿದೆ. ಈ ದೇಶದಲ್ಲಿ ವಾಹನಗಳು ರಸ್ತೆಯ ಎಡಕ್ಕೆ ಚಲಿಸುತ್ತವೆ, ಚಾಲಕರು ಕಾರಿನ ಬಲಕ್ಕೆ ಕೂರುತ್ತಾರೆ. ಮಂಗಳೂರಿನಿಂದ ಗೋವಾ ಕಡೆಗೆ ಹೊರಟವರಿಗೆ ಪಶ್ಚಿಮವೂ ಎಡಕ್ಕೇ ಇರುವುದರಿಂದ, ಕಡಲು ಕಾಣುವುದು ಎಡಗಡೆಯ ಆಸನಕ್ಕೆ, ಅಂದರೆ ಬಹುಮಟ್ಟಿಗೆ ವಧುವಿಗೆ. ವರನ ಪಾಲಿಗೆ ಬರುವುದು ಡಿವೈಡರಿನ ಕಣಗಿಲೆ ಗಿಡ ಮತ್ತು ಎದುರು ಬದಿಯ ಮೀನಿನ ಲಾರಿ. ‘ಇಲ್ಲೇ ನಿಲ್ಸು, ಎಷ್ಟು ಚೆನ್ನಾಗಿದೆ’ ಎಂದು ವಧು ಹೇಳುತ್ತಾಳೆ. ‘ಮುಂದೆ ಇನ್ನೂ ಚೆನ್ನಾಗಿರೋ ಜಾಗ ಇದೆ ಕಣೇ’ ಎಂದು ವರ ಉತ್ತರಿಸುತ್ತಾನೆ. ಆ ಜಾಗವನ್ನು ಆತ ನೋಡಿಲ್ಲ. ಬ್ರೇಕ್ ಹಾಕುವ ಮನಸ್ಸಿಲ್ಲ ಎಂಬುದಷ್ಟೇ ಅದರ ತಾತ್ಪರ್ಯ. ಇದೇ ಸಂಭಾಷಣೆ ಪಡುಬಿದ್ರಿಯಲ್ಲಿ ಒಮ್ಮೆ, ಕೋಟದಲ್ಲಿ ಒಮ್ಮೆ, ಹೊನ್ನಾವರದ ಶರಾವತಿ ಸೇತುವೆಯ ಮೇಲೆ ಒಮ್ಮೆ ನಡೆಯುತ್ತದೆ, ಮತ್ತು ಸೇತುವೆಯ ಮೇಲೆ ನಿಲ್ಲಿಸುವಂತಿಲ್ಲವಾದ್ದರಿಂದ ಅಲ್ಲಿ ಮಾತ್ರ ವರನ ಪಕ್ಷಕ್ಕೆ ಕಾನೂನಿನ ಬೆಂಬಲ ದೊರೆಯುತ್ತದೆ. ಚತುಷ್ಪಥವಾದ ಮೇಲೆ, ಅಂದರೆ ಹೋಗಲು ಎರಡು ಬರಲು ಎರಡು ಸಾಲುಗಳಾಗಿ ರಸ್ತೆ ಅಗಲಗೊಂಡ ಮೇಲೆ, ತಪ್ಪಿದ ಜಾಗಕ್ಕೆ ಮರಳಬೇಕಾದರೆ ಡಿವೈಡರ್ ತೆರೆದಿರುವಲ್ಲಿಯವರೆಗೆ ಹೋಗಿ ಸುತ್ತಿ ಬರಬೇಕು. ಅನೇಕ ದಾಂಪತ್ಯಗಳ ಮೊದಲ ಮೌನ ಆ ತಿರುವಿಗೆ ಮೊದಲು ಆರಂಭವಾಗುವುದನ್ನು ಸದರಿ ರಸ್ತೆ ಗಮನಿಸಿದೆ.

ಪ್ರಶ್ನೆ: ಕರಾವಳಿಯ ಹೆದ್ದಾರಿ ಎಂದ ಮೇಲೆ ಉದ್ದಕ್ಕೂ ಕಡಲು ಕಾಣಬೇಕಲ್ಲವೇ?

ಹೆದ್ದಾರಿ: ಆ ನಿರೀಕ್ಷೆ ಭೂಪಟ ನೋಡಿ ಹುಟ್ಟಿದ್ದು. ಭೂಪಟದಲ್ಲಿ ಸದರಿ ರಸ್ತೆಯ ಗೆರೆ ದಂಡೆಗೆ ಅಂಟಿಕೊಂಡಿದೆ. ನೆಲದ ಮೇಲೆ ಅವೆರಡರ ನಡುವೆ ತೆಂಗಿನ ತೋಟ, ಗದ್ದೆ, ಮನೆ, ಮದುವೆ ಮಂಟಪ ಎಲ್ಲವೂ ಇವೆ. ನೇತ್ರಾವತಿ, ಸ್ವರ್ಣಾ, ಸೀತಾ, ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ ಮೊದಲಾದ ನದಿಗಳು ಸಮುದ್ರ ಸೇರುವಲ್ಲಿ ಅಳಿವೆಗಳಾಗಿ, ಎಂದರೆ ಸಿಹಿನೀರು ಉಪ್ಪುನೀರು ಬೆರೆಯುವ ಅಗಲವಾದ ಮುಖಗಳಾಗಿ ಹರಡಿಕೊಳ್ಳುತ್ತವೆ. ಸೇತುವೆಗಳಿಲ್ಲದ ಕಾಲದಲ್ಲಿ ಇವನ್ನು ಕಡವುಗಳಲ್ಲಿ, ಅಂದರೆ ದೋಣಿ ದಾಟಿಸುವ ಗೊತ್ತಾದ ಜಾಗಗಳಲ್ಲಿ, ಕಾದು ನಿಂತು ದಾಟಬೇಕಿತ್ತು. ದಿಬ್ಬಣಗಳೂ ಹಾಗೆಯೇ ದಾಟಿದವು, ಮತ್ತು ಆಗ ವಧೂವರರು ಕಡಲನ್ನೋ ಹೊಳೆಯನ್ನೋ ನೋಡಲು ಪ್ರತ್ಯೇಕವಾಗಿ ಪ್ರವಾಸ ಹೋಗಬೇಕಾದ ಅಗತ್ಯ ಬೀಳಲಿಲ್ಲ. ರಸ್ತೆ ಕಟ್ಟುವವರು ಗಟ್ಟಿ ನೆಲ ಹುಡುಕುತ್ತಾರೆ, ಗಟ್ಟಿ ನೆಲ ದಂಡೆಯಿಂದ ತುಸು ಒಳಕ್ಕಿದೆ. ಆದ್ದರಿಂದ ಕಡಲು ಸದರಿ ರಸ್ತೆಯ ಪಕ್ಕಕ್ಕೆ ಬಂದು ನಿಲ್ಲುವುದು ಕೆಲವೇ ಕಡೆ. ಬಂದ ಕಡೆಗಳಲ್ಲಿ ಅದು ನೋಡಿಸಿಕೊಳ್ಳಲು ಬಂದಿರುವುದಿಲ್ಲ.

ಪ್ರಶ್ನೆ: ಆ ಮಾತನ್ನು ವಿವರಿಸಬೇಕು. ಮರವಂತೆಯನ್ನು ನೋಡಲೆಂದೇ ಜನ ಬರುತ್ತಾರೆ.

ಹೆದ್ದಾರಿ: ಬರುತ್ತಾರೆ, ಅದರಲ್ಲಿ ಸಂದೇಹವಿಲ್ಲ. ಕೊಡಚಾದ್ರಿಯ ಕಡೆಯಿಂದ ಇಳಿದು, ಕೊಲ್ಲೂರನ್ನು ಹಾದು, ಮರವಂತೆಯಲ್ಲಿ ಸಮುದ್ರದ ಸದ್ದು ಕೇಳುವಷ್ಟು ಹತ್ತಿರ ಬಂದ ಸೌಪರ್ಣಿಕೆಯು ಅಲ್ಲಿಯೇ ಸಮುದ್ರವನ್ನು ಸೇರದೆ, ದಕ್ಷಿಣಕ್ಕೆ ಹೊರಳಿ, ಗಂಗೊಳ್ಳಿಯ ಬಳಿ ವಾರಾಹಿ, ಚಕ್ರಾ ಮೊದಲಾದ ನದಿಗಳೊಂದಿಗೆ ಕೂಡಿ ಪಂಚಗಂಗಾವಳಿ ಎನಿಸಿಕೊಂಡ ಮೇಲಷ್ಟೇ ಅಳಿವೆಯನ್ನು ತಲುಪುತ್ತದೆ. ಇಡೀ ಬಳಗ ಕೂಡಿದ ಮೇಲೆಯೇ ಒಪ್ಪಿಸಿಕೊಡುವ ಕ್ರಮ ಇದು. ಮದುವೆಗಳ ಅನುಭವ ಇರುವವರಿಗೆ ಹೆಚ್ಚಿನ ವಿವರಣೆ ಬೇಕಾಗದು. ನದಿ ಹೀಗೆ ಹೊರಳಿದ್ದರಿಂದ ಉಳಿದ ಕಿರಿದಾದ ಮರಳಿನ ಪಟ್ಟಿಯ ಮೇಲೆ ಸದರಿ ರಸ್ತೆ ನಿಂತಿದೆ. ದಂಪತಿಗಳು ಮೇಲಕ್ಕೆ ಡ್ರೋನ್ ಹಾರಿಸಿ, ನೀಲಿ ಎರಡು, ನಡುವೆ ಕಪ್ಪು ಗೆರೆ ಒಂದು ಎಂಬ ಆ ಪ್ರಸಿದ್ಧ ಚಿತ್ರವನ್ನು ತೆಗೆಯುತ್ತಾರೆ. ಆ ಗೆರೆ ಎಷ್ಟು ತೆಳ್ಳಗೆ ಕಾಣುತ್ತದೆಯೋ ಅಷ್ಟು ಸುಂದರವೆಂದು ಅವರು ಬರೆಯುತ್ತಾರೆ. ಎಷ್ಟು ತೆಳ್ಳಗೆ ಇದೆಯೋ ಅಷ್ಟು ದಿಗಿಲು ಎಂಬುದು ಗೆರೆಯ ಅಭಿಪ್ರಾಯ.

ಮಳೆಗಾಲದಲ್ಲಿ ಇಲ್ಲಿ ನಡೆಯುವುದನ್ನು ಕಡಲ್ಕೊರೆತ ಎನ್ನುತ್ತಾರೆ: ದೊಡ್ಡ ಅಲೆಗಳು ದಂಡೆಯ ಮರಳನ್ನು ಎಳೆದೊಯ್ದು, ತೆಂಗಿನ ಮರದ ಬೇರನ್ನು ಬಿಡಿಸಿ, ಮೀನುಗಾರರ ಮನೆಯ ಅಂಗಳದವರೆಗೆ ಬರುವ ಕ್ರಿಯೆ. ಇದಕ್ಕೆ ಎರಡು ಬಗೆಯ ಮದ್ದುಗಳಿವೆ. ದಡದ ಉದ್ದಕ್ಕೂ ಬಂಡೆ ಪೇರಿಸುವುದು ತಡೆಗೋಡೆ. ದಡದಿಂದ ನೀರಿನೊಳಕ್ಕೆ ತೋಳಿನಂತೆ ಬಂಡೆಯ ಸಾಲು ಚಾಚುವುದು ಗ್ರೋಯ್ನ್. ಅಲೆಗಳು ಮರಳನ್ನು ದಡದ ಗುಂಟ ಸಾಗಿಸುತ್ತಿರುವುದರಿಂದ ಈ ತೋಳುಗಳು ಒಂದು ಬದಿಯಲ್ಲಿ ಮರಳನ್ನು ಹಿಡಿದಿಡುತ್ತವೆ, ಇನ್ನೊಂದು ಬದಿಗೆ ಹೋಗಬೇಕಾದ ಮರಳು ಅಷ್ಟರ ಮಟ್ಟಿಗೆ ಕಡಿಮೆಯಾಗುತ್ತದೆ; ಒಂದು ಊರನ್ನು ಕಾಪಾಡಿದ ಬಂಡೆ ಪಕ್ಕದ ಊರಿನ ಚಿಂತೆಯಾಗುವುದು ಹೀಗೆ. ಆ ಬಂಡೆಗಳ ಮೇಲೆ ವಧು ಹತ್ತಿ ನಿಲ್ಲುತ್ತಾಳೆ, ಸೀರೆಯ ಸೆರಗು ಪಡುಗಾಳಿಗೆ ಹಾರಬೇಕೆಂದು ಛಾಯಾಗ್ರಾಹಕ ಬಯಸುತ್ತಾನೆ. ಕೊರೆತದ ವೀಕ್ಷಣೆಗೆ ಪ್ರತಿ ಮಳೆಗಾಲ ಬರುವ ಜನಪ್ರತಿನಿಧಿಗಳೂ ಅದೇ ಬಂಡೆಗಳ ಮೇಲೆ ನಿಂತು ಕೈ ತೋರಿಸುತ್ತಾರೆ. ಇಬ್ಬರಿಗೂ ಬೆಳಕು ಸಂಜೆ ಐದರ ನಂತರವೇ ಚೆನ್ನಾಗಿರುತ್ತದೆ.

ಪ್ರಶ್ನೆ: ಇದು ಒಂದು ಸ್ಥಳದ ಸಂಗತಿ. ಉಳಿದ ನೋಟಗಳ ಬಗ್ಗೆಯೂ ಹೆದ್ದಾರಿಗೆ ಇದೇ ಧೋರಣೆಯೇ?

ಹೆದ್ದಾರಿ: ಪ್ರವಾಸಿಗರು ಉದ್ಗಾರ ತೆಗೆಯುವ ಜಾಗಗಳ ಪಟ್ಟಿಯನ್ನೂ ಎಂಜಿನಿಯರುಗಳು ನಿಟ್ಟುಸಿರು ಬಿಡುವ ಜಾಗಗಳ ಪಟ್ಟಿಯನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕು, ಹೆಚ್ಚಿನ ಹೆಸರುಗಳು ಎರಡರಲ್ಲಿಯೂ ಸಿಗುತ್ತವೆ. ಬೈಂದೂರಿನ ಒತ್ತಿನೆಣೆಯಲ್ಲಿ ಸೂರ್ಯಾಸ್ತ ನೋಡುವವರು ನಿಂತ ಗುಡ್ಡವನ್ನೇ ಕಡಿದು ಹೆದ್ದಾರಿ ಸಾಗಿದೆ. ಕರಾವಳಿಯ ಗುಡ್ಡಗಳಲ್ಲಿ ಸಾಮಾನ್ಯವಾಗಿ ಮೇಲೆ ಮುರಕಲ್ಲು, ಅಂದರೆ ಮನೆ ಕಟ್ಟಲು ಕಡಿದು ತೆಗೆಯುವ ತೂತುತೂತಾದ ಕೆಂಪು ಕಲ್ಲು, ಅದರ ಕೆಳಗೆ ಮೆತ್ತನೆಯ ಜೇಡಿ ಇರುತ್ತದೆ. ಮಳೆನೀರು ಕಲ್ಲಿನ ತೂತುಗಳಲ್ಲಿ ಇಳಿದು ಜೇಡಿಯನ್ನು ನೆನೆಸುತ್ತದೆ. ಬುಡ ಅಗಲವಾಗಿ ಇಳಿಜಾರಾಗಿರುವವರೆಗೆ ಗುಡ್ಡ ಅದನ್ನು ತಾಳಿಕೊಳ್ಳುತ್ತದೆ. ಎರಡು ಸಾಲಿನ ರಸ್ತೆಯನ್ನು ನಾಲ್ಕು ಸಾಲು ಮಾಡಲು ಬುಡವನ್ನು ಗೋಡೆಯಂತೆ ನೆಟ್ಟಗೆ ಕಡಿದರೆ ತಾಳಿಕೊಳ್ಳುವುದಿಲ್ಲ.

ಶಿರೂರು ಎಂಬ ಹೆಸರಿನ ಎರಡು ಊರುಗಳು ಸದರಿ ರಸ್ತೆಯ ಮೇಲಿವೆ. ಬೈಂದೂರು ಸಮೀಪದ ಶಿರೂರಿನಲ್ಲಿ ಟೋಲ್‌ಗೇಟ್ ಇದೆ. ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ, ಒಂದು ಕಡೆಯ ಗುಡ್ಡವೋ ಇನ್ನೊಂದು ಕಡೆಯ ಗಂಗಾವಳಿ ನದಿಯೋ ಯಾವುದನ್ನು ಚಿತ್ರಿಸಬೇಕೆಂದು ಪ್ರಯಾಣಿಕರು ಗೊಂದಲಗೊಳ್ಳುತ್ತಿದ್ದ ಜಾಗದಲ್ಲಿ, 2024ರ ಜುಲೈ 16ರಂದು ಗುಡ್ಡ ಕುಸಿದು, ಬುಡದಲ್ಲಿದ್ದ ಚಹಾದಂಗಡಿಯನ್ನೂ ಅಲ್ಲಿ ನಿಂತಿದ್ದ ಲಾರಿಗಳನ್ನೂ ಹೊಳೆಗೆ ತಳ್ಳಿತು. ಹಲವರು ಪ್ರಾಣ ಕಳೆದುಕೊಂಡರು. ಹೊಳೆಯ ತಳದಿಂದ ಒಂದು ಲಾರಿಯನ್ನು ಮೇಲೆತ್ತಲು ಎರಡು ತಿಂಗಳಿಗೂ ಹೆಚ್ಚು ಕಾಲ ಹಿಡಿಯಿತು. ಈ ವಿಷಯದಲ್ಲಿ ಸದರಿ ರಸ್ತೆ ಹಾಸ್ಯವಾಗಿ ಹೇಳಬಹುದಾದದ್ದು ಏನೂ ಇಲ್ಲ.

ಪ್ರಶ್ನೆ: ಕಾರವಾರವಾದರೂ ನೆಮ್ಮದಿಯ ಕೊನೆಯಲ್ಲವೇ? ರವೀಂದ್ರನಾಥ ಟಾಗೋರರೂ ಮೆಚ್ಚಿದ ಕಡಲತೀರ ಅದು.

ಹೆದ್ದಾರಿ: ಟಾಗೋರರ ಉದಾಹರಣೆ ನವದಂಪತಿಗಳಿಗೆ ಅನ್ವಯಿಸುವುದಿಲ್ಲ. ಭಾರತೀಯ ಸಿವಿಲ್ ಸೇವೆಗೆ ಸೇರಿದ ಮೊದಲ ಭಾರತೀಯರಾದ ಅವರ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ತಮ್ಮ ಅಲ್ಲಿಗೆ ಬಂದು ತಂಗಿ, ಕಾಳಿ ನದಿಯಲ್ಲಿ ದೋಣಿಯಲ್ಲಿ ವಿಹರಿಸಿ, ‘ಪ್ರಕೃತಿರ್ ಪ್ರತಿಶೋಧ್’ ಎಂಬ ನಾಟಕ ಬರೆದರು. ಅದರ ನಾಯಕ ಸಂಸಾರವನ್ನು ತೊರೆದ ಸಂನ್ಯಾಸಿ. ಟಾಗೋರರ ಮದುವೆಯಾದದ್ದು ಕಾರವಾರದಿಂದ ಹಿಂದಿರುಗಿದ ಮೇಲೆ, 1883ರ ಡಿಸೆಂಬರಿನಲ್ಲಿ, 22ನೆಯ ವಯಸ್ಸಿನಲ್ಲಿ. ಮೊದಲು ಕಡಲು ನೋಡಿ, ವೈರಾಗ್ಯದ ವಿಚಾರವನ್ನು ಬರೆದು ಮುಗಿಸಿ, ಆಮೇಲೆ ಮದುವೆಯಾಗುವ ಆ ಕ್ರಮವನ್ನು ಈಗ ಯಾರೂ ಅನುಸರಿಸುತ್ತಿಲ್ಲ. ನೆಮ್ಮದಿಯ ವಿಚಾರಕ್ಕೆ ಬಂದರೆ, ಸದಾಶಿವಗಡದ ಕೋಟೆಯನ್ನು ಹಿನ್ನೆಲೆಯಾಗಿಸಿ ಎಲ್ಲರೂ ಚಿತ್ರ ತೆಗೆಯುತ್ತಿದ್ದ ಕಾಳಿ ನದಿಯ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿಯ ಬಳಿಕ ಕುಸಿಯಿತು. ಅದರೊಂದಿಗೆ ಬಿದ್ದ ಲಾರಿಯ ಚಾಲಕನನ್ನು ಬದುಕಿಸಿದ್ದು ದೊಡ್ಡ ಮಾತು. ಪಕ್ಕದ ಹೊಸ ಸೇತುವೆ ಇದ್ದುದರಿಂದ ಗೋವಾ ದಾರಿ ಉಳಿಯಿತು.

ಪ್ರಶ್ನೆ: ಊಟ, ಖರ್ಚು, ಟೋಲ್ ಮುಂತಾದವುಗಳ ಬಗ್ಗೆ?

ಹೆದ್ದಾರಿ: ಕುಂದಾಪುರದ ಕೋಳಿ ಸಾರು, ಭಟ್ಕಳದ ಬಿರಿಯಾನಿ, ಕಾಣೆ ಮೀನಿನ ಫ್ರೈ, ಸಸ್ಯಾಹಾರಿಗಳಿಗೆ ನೀರುದೋಸೆ, ಗೋಳಿಬಜೆ: ಈ ಭಾಗದಲ್ಲಿ ದೂರುಗಳು ಬಂದಿಲ್ಲ. ಜೂನ್, ಜುಲೈಗಳಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆಂಬುದನ್ನು ತಿಳಿಯದೆ ಆ ದಿನಗಳಲ್ಲಿ ತಾಜಾ ಅಂಜಲ್ ಬೇಕೆಂದು ಹಟ ಹಿಡಿಯುವವರಿಗೆ ಮಂಜುಗಡ್ಡೆಯ ಪೆಟ್ಟಿಗೆಯೇ ಉತ್ತರ ಹೇಳುತ್ತದೆ. ಟೋಲಿನ ಹಣ ಫಾಸ್ಟ್ಯಾಗ್ ಎಂಬ ಗಾಜಿನ ಚೀಟಿಯಿಂದ ತಾನಾಗಿ ಕಡಿತವಾಗುವ ಕಾರಣ, ಹೆಜಮಾಡಿ, ಸಾಸ್ತಾನ, ಶಿರೂರು, ಹೊಳೆಗದ್ದೆ ಎಂಬ ಹೆಸರುಗಳನ್ನು ದಂಪತಿಗಳು ಮೊದಲ ಸಲ ಓದುವುದು ಬ್ಯಾಂಕಿನ ಸಂದೇಶದಲ್ಲಿ. ಅವರ ಮಧುಚಂದ್ರದ ಅತ್ಯಂತ ಪ್ರಾಮಾಣಿಕ ದಿನಚರಿ ಅದೇ.

ಪ್ರಶ್ನೆ: ಮಳೆಗಾಲದಲ್ಲಿ ಈ ಹಾದಿ ಅತ್ಯಂತ ಸುಂದರವೆನ್ನುತ್ತಾರೆ. ಆಗ ನವದಂಪತಿಗಳು ಏಕೆ ಕಡಿಮೆ?

ಹೆದ್ದಾರಿ: ಘಟ್ಟದ ಮೇಲೆ ಆಷಾಢ, ತುಳುನಾಡಿನಲ್ಲಿ ಆಟಿ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಈ ಆಟಿ ತಿಂಗಳಲ್ಲಿ ಹೊಸ ಮದುಮಗಳನ್ನು ತವರಿಗೆ ಕರೆಸಿಕೊಳ್ಳುವ ಪದ್ಧತಿ ಇದೆ. ಆದ್ದರಿಂದ ಆ ಮಳೆಯಲ್ಲಿ ಸದರಿ ರಸ್ತೆಗೆ ದೊರೆಯುವುದು ದಂಪತಿಗಳಲ್ಲ, ಹೆಂಡತಿಯನ್ನು ಮರಳಿ ಕರೆತರಲು ಒಬ್ಬನೇ ಹೊರಟ ವರ. ಎಡಗಡೆಯ ಆಸನ ಖಾಲಿ, ಕಿಟಕಿಯ ಆಚೆ ಅಡ್ಡಿಯಿಲ್ಲದ ಸಮುದ್ರ. ಆದರೂ ಆತ ಮರವಂತೆಯಲ್ಲಿ ಅತ್ತ ತಿರುಗಿದ್ದನ್ನು ಸದರಿ ರಸ್ತೆ ಕಂಡಿಲ್ಲ. ವೈಪರ್ ಸಾಲದ ಮಳೆಯಲ್ಲಿ, ಕಳೆದ ಸಲ ಇಲ್ಲದಿದ್ದ ಹೊಂಡಗಳನ್ನು ತಪ್ಪಿಸುವುದರಲ್ಲಿ ಆತನ ಗಮನವಿರುತ್ತದೆ, ಮತ್ತು ಆ ಒಂದು ಪ್ರಯಾಣದಲ್ಲಿ ಮಾತ್ರ ಆತ ಸದರಿ ರಸ್ತೆಯನ್ನು ನಿಜವಾಗಿ ನೋಡುತ್ತಾನೆ.