ಕೆರೆತ ಮೀಮಾಂಸೆ

ತುರಿಸಿಕೊಳ್ಳಬೇಕೆಂಬ ಬಯಕೆಯನ್ನು ಹುಟ್ಟಿಸುವ ಅಹಿತವಾದ ಸಂವೇದನೆಯೇ ತುರಿಕೆ ಎಂದು ಜರ್ಮನಿಯ ವೈದ್ಯ ಸ್ಯಾಮ್ಯುಯೆಲ್ ಹಾಫೆನ್‌ರೆಫರ್ 1660ರಲ್ಲಿ ಕೊಟ್ಟ ವ್ಯಾಖ್ಯೆಯನ್ನು ವೈದ್ಯಗ್ರಂಥಗಳು ಇಂದಿಗೂ ಉಲ್ಲೇಖಿಸುತ್ತವೆ. ಆ ಕಾಲದ ವೈದ್ಯಶಾಸ್ತ್ರದ ಬಹುಪಾಲು ತಲೆಕೆಳಗಾದರೂ ಈ ಒಂದು ವಾಕ್ಯ ಅಲುಗಾಡದೆ ನಿಂತಿರುವುದಕ್ಕೆ, ಅದನ್ನು ಪರೀಕ್ಷಿಸಲು ಕೂತ ಪ್ರತಿಯೊಬ್ಬ ವಿದ್ವಾಂಸನ ಕೈಯೂ ನಡುವೆ ಎಲ್ಲೋ ಬೆನ್ನಿನ ಕಡೆಗೆ ಹೊರಟುಹೋದದ್ದೂ ಒಂದು ಕಾರಣವಿರಬಹುದು. ಆದರೂ ವ್ಯಾಖ್ಯೆಯಲ್ಲಿ ಒಂದು ಕೊರತೆಯುಂಟು. ತುರಿಕೆ ಅಹಿತವೆಂದು ಸಾರುವ ಆ ವಾಕ್ಯ, ತುರಿಸಿಕೊಳ್ಳುವುದು ಪರಮಹಿತವೆಂಬ ಸತ್ಯದ ಬಗ್ಗೆ ತುಟಿ ಬಿಚ್ಚುವುದಿಲ್ಲ. ಇಸಬಿನ ಚಿಕಿತ್ಸೆಯ ತೊಡಕುಗಳಲ್ಲಿ ಅರ್ಧದಷ್ಟು ಅಲ್ಲಿಂದಲೇ ಹೊರಡುತ್ತವೆ.

ಇಸಬು ಎಂದರೆ, ಅಂದರೆ ಪಟ್ಟಣದವರು ಎಕ್ಸಿಮಾ ಎನ್ನುವ ಕಾಯಿಲೆ ಎಂದರೆ, ಚರ್ಮ ಒಣಗಿ, ಕೆಂಪೇರಿ, ಕೆಲವೊಮ್ಮೆ ನೀರೊಡೆದು, ಕೆರೆದೂ ಕೆರೆದೂ ಕೊನೆಗೆ ದಪ್ಪಗಟ್ಟಿ ಕಪ್ಪಾಗುವ ಉರಿಯೂತ. ಇದು ಅಂಟುರೋಗವಲ್ಲವಾದರೂ ಆ ಸಂಗತಿ ಜನರಿಗೆ ಇನ್ನೂ ತಲುಪಿಲ್ಲದ ಕಾರಣ, ಬಸ್ಸಿನಲ್ಲಿ ಇಸಬಿನವರ ಪಕ್ಕ ಕೂತವರು ಅಂಚಿಗೆ ಸರಿದು, ರೋಗಿಗೆ ಒಂದೂವರೆ ಸೀಟಿನ ಸೌಕರ್ಯವನ್ನು ಒದಗಿಸುವುದುಂಟು. ಇದರ ಬಗೆಗಳಲ್ಲಿ ಹೆಚ್ಚು ಪ್ರಸಿದ್ಧವಾದದ್ದು ಅಟೋಪಿಕ್ ಇಸಬು. ಆಸ್ತಮಾ ಮತ್ತು ಅಲರ್ಜಿಯ ನೆಗಡಿಯ ದಾಯಾದಿಯಾದ ಇದು ಕೂಸುಗಳ ಕೆನ್ನೆಯಲ್ಲಿಯೂ, ದೊಡ್ಡವರ ಮೊಣಕೈ ಮಡಿಕೆ, ಮಂಡಿಯ ಹಿಂಭಾಗ, ಕತ್ತುಗಳಲ್ಲಿಯೂ ನೆಲೆಸಲು ಇಷ್ಟಪಡುತ್ತದೆ. ಚರ್ಮದ ಹೊರಪದರವನ್ನು ಗ್ರಂಥಗಳು ಇಟ್ಟಿಗೆ ಗೋಡೆಗೆ ಹೋಲಿಸುತ್ತವೆ: ಜೀವಕೋಶಗಳು ಇಟ್ಟಿಗೆ, ಅವುಗಳ ನಡುವಿನ ಕೊಬ್ಬು ಗಾರೆ. ಇಸಬಿನವರ ಗೋಡೆ ಬಿರುಕು ಬಿಟ್ಟದ್ದು. ಒಳಗಿನ ನೀರು ಹೊರಗೆ ಸೋರುತ್ತದೆ, ಹೊರಗಿನ ಸೋಪು, ಧೂಳು, ಬೆವರು ಒಳಗೆ ನುಸುಳುತ್ತವೆ. ಗೋಡೆಯನ್ನು ಗಟ್ಟಿಯಾಗಿಯೂ ತೇವವಾಗಿಯೂ ಇಡುವ ಫಿಲಾಗ್ರಿನ್ ಎಂಬ ಪ್ರೋಟೀನಿನ ವಂಶವಾಹಿಯಲ್ಲಿನ ದೋಷವೇ ಹಲವರ ಇಸಬಿಗೆ ಮೂಲವೆಂದು ಸ್ಕಾಟ್ಲೆಂಡಿನ ಡಂಡಿ ವಿಶ್ವವಿದ್ಯಾಲಯದ ಸಂಶೋಧಕರು 2006ರಲ್ಲಿ ತೋರಿಸಿಕೊಟ್ಟರು. ಕಾಮಗಾರಿ ಕಳಪೆ ಎಂಬುದು ಹೀಗೆ ಸಾಬೀತಾಯಿತಾದರೂ, ಗುತ್ತಿಗೆದಾರರು ಸ್ವಂತ ಅಜ್ಜ ಅಜ್ಜಿಯರೇ ಆದ್ದರಿಂದ ಲೋಕಾಯುಕ್ತಕ್ಕೆ ದೂರು ಕೊಡುವಂತಿಲ್ಲ.

ಕೆರೆತದ ಸುಖವನ್ನು ಅಳೆಯುವ ಕೆಲಸವನ್ನೂ ವಿಜ್ಞಾನ ಬಿಟ್ಟಿಲ್ಲ. ಅಮೆರಿಕದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದ ಚರ್ಮತಜ್ಞರು, 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಆರೋಗ್ಯವಂತರ ಮುಂದೋಳು, ಬೆನ್ನು ಮತ್ತು ಕಣಕಾಲುಗಳಲ್ಲಿ ತುರಿಕೆ ಎಬ್ಬಿಸಿ, ಅಲ್ಲಿ ಕೆರೆದು, ಸಿಕ್ಕಿದ ಸುಖಕ್ಕೆ ಅಂಕ ಹಾಕಿಸಿಕೊಂಡರು. ಮುಂದೋಳು ಹಿಂದೆ ಬಿದ್ದು, ಕಣಕಾಲು ಮತ್ತು ಬೆನ್ನು ಮುಂದೆ ಬಂದವು. ತುರಿಕೆ ಎಬ್ಬಿಸಲು ಅವರು ಬಳಸಿದ್ದು ನಸುಗುನ್ನಿ ಕಾಯಿಯ ರೋಮವನ್ನು. ಮೇಷ್ಟರ ಕುರ್ಚಿಯ ಮೇಲೆ ಅದನ್ನು ಉದುರಿಸಿ ಬೆತ್ತದ ರುಚಿ ಕಂಡ ಕರ್ನಾಟಕದ ಹಳ್ಳಿಶಾಲೆಗಳ ಹುಡುಗರು, ತಮ್ಮದು ಕಾಲಕ್ಕಿಂತ ಮುಂಚೆ ನಡೆದ ಸಂಶೋಧನೆ ಎಂದು ಈಗಲಾದರೂ ವಾದಿಸಬಹುದು.

ಪ್ರಯೋಗಾಲಯದಲ್ಲಿ ಸಿಕ್ಕದ ವಿವರಗಳು ಮದುವೆಮನೆಯ ಪಂಕ್ತಿಯಲ್ಲಿ ಸಿಗುತ್ತವೆ. ಕಣಕಾಲಿನಲ್ಲಿ ಇಸಬಿರುವ ಗೃಹಸ್ಥನ ಬಲಗೈ ಚಿತ್ರಾನ್ನಕ್ಕೆ ಮೀಸಲಾಗಿರುವಾಗ ಎಡಗೈ, ಎಲೆಯ ಅಂಚನ್ನು ಸರಿಮಾಡುವ ನೆಪದಲ್ಲಿ ಕೆಳಗಿಳಿದು ಪಂಚೆಯ ನೆರಿಗೆಯೊಳಗೆ ಮರೆಯಾಗುತ್ತದೆ. ಮೊದಲು ಬೆರಳ ತುದಿ ಸುಮ್ಮನೆ ಸವರುತ್ತದೆ, ಬಳಿಕ ಉಗುರು ಒಂದು ಗೆರೆ ಎಳೆಯುತ್ತದೆ, ಆಮೇಲೆ ಗೆರೆಗಳ ಲೆಕ್ಕ ತಪ್ಪುತ್ತದೆ. ಕಣ್ಣು ಅರ್ಧ ಮುಚ್ಚಿ, ಕೆಳದುಟಿ ಸಡಿಲಗೊಂಡು, ತಲೆ ತಾನಾಗಿ ತೂಗತೊಡಗುತ್ತದೆ. ಅಷ್ಟರಲ್ಲಿ ಬಂದ ಬಡಿಸುವವನು ಆ ತಲೆದೂಗನ್ನು ತನ್ನ ಪ್ರಶ್ನೆಗೆ ಸಿಕ್ಕ ಉತ್ತರವೆಂದು ತಿಳಿದು ಎರಡು ಹೋಳಿಗೆ ಹಾಕಿ ತುಪ್ಪ ಸುರಿದು ಮುಂದೆ ಹೋಗುತ್ತಾನೆ.

ಈ ಸುಖಕ್ಕೆ ಬಡ್ಡಿ ಕಟ್ಟಬೇಕಾಗುತ್ತದೆ. ಉಗುರಿನಿಂದ ಆಗುವ ಸಣ್ಣ ನೋವು ತುರಿಕೆಯನ್ನು ಕ್ಷಣಕಾಲ ಅಡಗಿಸುತ್ತದೆ. ಆ ನೋವನ್ನು ಶಮನ ಮಾಡಲು ಮಿದುಳು ಸೆರೊಟೋನಿನ್ ಎಂಬ ರಾಸಾಯನಿಕವನ್ನು ಬಿಡುಗಡೆ ಮಾಡುತ್ತದೆ. ಆ ಸೆರೊಟೋನಿನ್ ಬೆನ್ನುಹುರಿಗೆ ಇಳಿದು ನೋವಿನ ಜೊತೆಗೆ ತುರಿಕೆಯ ನರಕೋಶಗಳನ್ನೂ ಮಾತಾಡಿಸಿ, ಅವು ಮೊದಲಿಗಿಂತ ಜೋರಾಗಿ ಕೂಗುವಂತೆ ಮಾಡುತ್ತದೆ ಎಂದು ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡವೊಂದು 2014ರಲ್ಲಿ ಇಲಿಗಳ ಮೇಲಿನ ಪ್ರಯೋಗದಿಂದ ತಿಳಿಸಿತು. ಕೆರೆದಲ್ಲಿ ಗೋಡೆ ಇನ್ನಷ್ಟು ಬಿರಿಯುವುದು, ಬಿರಿದಲ್ಲಿ ಉರಿಯೂತ ಏರುವುದು, ಏರಿದಲ್ಲಿ ಮತ್ತೆ ಕೆರೆಯುವುದು ಬೇರೆ. ಕಾಲು ಕೆರೆದು ಜಗಳಕ್ಕೆ ಹೋದವನಿಗೆ ಜಗಳವಾದರೂ ಸಿಗುತ್ತದೆ. ಇಸಬಿನವನಿಗೆ ಕೆರೆದ ಕಾಲಷ್ಟೇ ಉಳಿಯುತ್ತದೆ.

ಕೆರೆಯದೆ ಕೆರೆದ ಫಲವನ್ನು ಪಡೆಯುವ ಉಪಾಯವೂ ಉಂಟು. ಎಡಗೈ ತುರಿಸುತ್ತಿರುವಾಗ ಕನ್ನಡಿಯಲ್ಲಿ ನೋಡುತ್ತ ಬಲಗೈಯನ್ನು ಕೆರೆದುಕೊಂಡರೆ, ಎಡಗೈಯನ್ನೇ ಕೆರೆದಂತೆ ಭ್ರಮಿಸಿ ಮಿದುಳು ಸ್ವಲ್ಪ ಸಮಾಧಾನ ತಾಳುತ್ತದೆಂದು ಜರ್ಮನಿಯ ಲ್ಯೂಬೆಕ್‌ನ ವಿಜ್ಞಾನಿಗಳು ಕಂಡುಹಿಡಿದರು. ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗಳಿಗೆ ಮೀಸಲಾದ ಇಗ್ ನೊಬೆಲ್ ಪ್ರಶಸ್ತಿ 2016ರಲ್ಲಿ ಅವರಿಗೆ ಸಂದಿತು. ಪಂಕ್ತಿಗೆ ನಿಲುವುಗನ್ನಡಿ ಹೊತ್ತು ತರುವ ಪದ್ಧತಿ ಕನ್ನಡನಾಡಿನಲ್ಲಿ ಇನ್ನೂ ಬಳಕೆಗೆ ಬಂದಿಲ್ಲ.

ಮನೆಮನೆಯ ಡಬ್ಬಿಯಲ್ಲಿರುವ ಸೆಟ್ರಿಜಿನ್ ಮಾತ್ರೆ ಈ ಸಂದರ್ಭದಲ್ಲಿ ಎಲ್ಲರ ನೆನಪಿಗೂ ಬರುತ್ತದೆ. ಅದು ಹಿಸ್ಟಮಿನ್ ಎಂಬ ರಾಸಾಯನಿಕದ ಹಾದಿಗೆ ಅಡ್ಡ ನಿಲ್ಲುವ ಔಷಧ. ಮೈಮೇಲೆ ಏಳುವ ಗಂದೆಗೆ ಅದು ರಾಮಬಾಣ. ಇಸಬಿನ ತುರಿಕೆಯಾದರೋ, ನಸುಗುನ್ನಿಯ ತುರಿಕೆಯ ಹಾಗೆ, ಬಹುಮಟ್ಟಿಗೆ ಬೇರೆ ಹಾದಿಯಲ್ಲಿ ಓಡಾಡುವಂಥದ್ದು. ನಿದ್ದೆ ಬರಿಸುವ ಹಳೆಯ ಕಾಲದ ಮಾತ್ರೆಗಳು ಉಪಕಾರ ಮಾಡಿದಂತೆ ಕಾಣುವುದು ನಿಜ; ಆದರೆ ಅವು ಮಲಗಿಸುವುದು ರೋಗಿಯನ್ನು, ತುರಿಕೆಯನ್ನಲ್ಲ.

ಇನ್ನು ಬಿಸಿನೀರು. ಬಚ್ಚಲ ಹಂಡೆಯಲ್ಲಿ ಕುದಿಯುವ ನೀರನ್ನು ಚೊಂಬಿನಲ್ಲಿ ಮೊಗೆದು ತುರಿಸುವ ಪಾದದ ಮೇಲೆ ಸಣ್ಣ ಧಾರೆಯಾಗಿ ಬಿಡುವ ಸುಖವನ್ನು ಬಲ್ಲವರೇ ಬಲ್ಲರು. ಹೊರಗಿನಿಂದ ಬಾಗಿಲು ತಟ್ಟುವ ಮನೆಯವರ ಸಹನೆಯನ್ನು ಬಿಟ್ಟರೆ ಅದಕ್ಕೆ ಬೇರೆ ಮಿತಿಯಿಲ್ಲ. ಬಿಸಿಯೂ ಒಂದು ಬಗೆಯ ಕೆರೆತವೇ ಎಂಬುದು, ಚರ್ಮದ ಎಣ್ಣೆಯ ಅಂಶವೆಲ್ಲ ಕರಗಿ ಹರಿದು ಅರ್ಧ ಗಂಟೆಯಲ್ಲಿ ತುರಿಕೆ ದುಪ್ಪಟ್ಟಾದಾಗ ತಿಳಿಯುತ್ತದೆ. ಉಗುರುಬೆಚ್ಚಗಿನ ನೀರು, ಹತ್ತು ನಿಮಿಷ, ನೊರೆ ಕಡಿಮೆಯಿರುವ ಸೋಪು, ಇಷ್ಟೇ ಸಾಕೆನ್ನುತ್ತಾರೆ ವೈದ್ಯರು. ಫ್ರಾನ್ಸಿನ ಕ್ರಾಂತಿಯ ನಾಯಕ ಜೀನ್ ಪಾಲ್ ಮರಾ, ಯಾವುದೆಂದು ವಿದ್ವಾಂಸರು ಇಂದಿಗೂ ಜಗಳವಾಡುವ ಚರ್ಮರೋಗದ ನವೆ ತಾಳಲಾರದೆ, ಔಷಧಿಯ ನೀರು ತುಂಬಿದ ತೊಟ್ಟಿಯಲ್ಲಿ ಕುಳಿತೇ ಬರೆಯುತ್ತಿದ್ದ. 1793ರ ಜುಲೈ 13ರಂದು ಶಾರ್ಲೊಟ್ ಕೊರ್ಡೆ ಎಂಬಾಕೆ ಅಲ್ಲಿಯೇ ಅವನನ್ನು ಇರಿದು ಕೊಂದಳು. ಸ್ನಾನ ಹತ್ತು ನಿಮಿಷ ಮೀರಬಾರದೆಂಬ ಇಂದಿನ ನಿಯಮಕ್ಕೂ ಆ ಘಟನೆಗೂ ಸಂಬಂಧವಿಲ್ಲ.

ರೋಗಿಯ ಮೊದಲ ಶತ್ರು ಅವನ ಸ್ವಂತ ಉಗುರಾದರೆ, ಎರಡನೆಯ ಶತ್ರು ಹಿತೈಷಿ. ಇಸಬು ಬಟ್ಟೆಯ ಮರೆಯಿಂದ ಒಂದು ಅಂಗುಲ ಹೊರಗೆ ಕಂಡರೆ ಸಾಕು, ನೆಂಟರಲ್ಲಿ ಒಬ್ಬರು ಬೇವಿನ ಸೊಪ್ಪು ಅರೆಯಲು ಹೇಳುತ್ತಾರೆ, ಮತ್ತೊಬ್ಬರು ಹೊಂಗೆಯೆಣ್ಣೆ, ಮಗದೊಬ್ಬರು ಲೋಳೆಸರ, ಅಜ್ಜಿ ಕೊಬ್ಬರಿ ಎಣ್ಣೆ. ನಾಗನ ಕೋಪವಿರಬಹುದೆಂದು ದನಿ ತಗ್ಗಿಸಿ ಕುಕ್ಕೆಯ ದಾರಿ ತೋರುವವರೂ ಉಂಟು. ನಂಜು ಎಂಬ ಒಂದೇ ಆರೋಪದ ಮೇಲೆ ಬದನೆಕಾಯಿಯನ್ನು ವಿಚಾರಣೆಯಿಲ್ಲದೆ ಗಡೀಪಾರು ಮಾಡುವ ವಿಷಯದಲ್ಲಂತೂ ಎಲ್ಲ ಪಕ್ಷಗಳಿಗೂ ಒಮ್ಮತ. ಕೆಲವು ಮಕ್ಕಳಲ್ಲಿ ಮೊಟ್ಟೆ, ಹಾಲು ಮುಂತಾದವುಗಳ ಅಲರ್ಜಿ ಇಸಬಿನ ಜೊತೆಗೆ ಇರುವುದು ದಿಟವೇ. ಆದರೆ ಪರೀಕ್ಷಿಸದೆ ಒಂದೊಂದಾಗಿ ಪಥ್ಯ ಹೇರಿದರೆ ಮಗು ಸೊರಗುತ್ತದೆ, ಇಸಬು ಸೊರಗುವುದಿಲ್ಲ. ಈ ಸಲಹೆಗಳ ರಾಶಿಯಲ್ಲಿ ಕೊಬ್ಬರಿ ಎಣ್ಣೆಯೊಂದು ಮಾತ್ರ ಪ್ರಯೋಗಗಳಲ್ಲಿಯೂ ಮಾನ ಉಳಿಸಿಕೊಂಡಿದೆ. ಅಜ್ಜಿಯಂದಿರಿಗೆ ಆ ಮಟ್ಟಿಗೆ ಜಯ.

ಹಾಗೆಂದು ದುಬಾರಿ ಉಪಾಯಗಳಿಗೆ ಹೆಚ್ಚಿನ ಮರ್ಯಾದೆ ದಕ್ಕಿಲ್ಲ. ಗಡಸು ನೀರಿನಿಂದ ಇಸಬು ಕೆರಳುತ್ತದೆಂದು ಇಂಗ್ಲೆಂಡಿನಲ್ಲಿ ಮಕ್ಕಳ ಮನೆಗಳಿಗೆ ನೀರು ಮೆದುಗೊಳಿಸುವ ಯಂತ್ರ ಕೂರಿಸಿ ನೋಡಿದರು. 2011ರಲ್ಲಿ ಬಂದ ಫಲಿತಾಂಶ, ಹೆಚ್ಚಿನ ಲಾಭವಿಲ್ಲವೆಂದಿತು. ವಿಶೇಷವಾಗಿ ಹೆಣೆದ ರೇಷ್ಮೆಯ ಒಳಉಡುಪು ತೊಡಿಸಿ ನೋಡಿದರು. 2017ರಲ್ಲಿ ಅದಕ್ಕೂ ಅದೇ ಗತಿ. ಸ್ನಾನದ ನೀರಿಗೆ ಬೆರೆಸುವ ಎಣ್ಣೆಗಳ ಸರದಿ 2018ರಲ್ಲಿ ಮುಗಿಯಿತು. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಒಳಉಡುಪಿನ ಸುದ್ದಿಯಿಂದ ನಷ್ಟವೇನೂ ಆಗಿಲ್ಲ. ಮೈಸೂರು ಸಿಲ್ಕನ್ನು ಇಸಬಿಗೆಂದು ಕೊಂಡವರು ಇರಲಾರರು. ಇಷ್ಟು ಮಾತ್ರ ನಿಶ್ಚಯ: ಬರಿಮೈಗೆ ಒರಟು ಕಂಬಳಿ ಸೋಕಬಾರದು, ಹತ್ತಿಬಟ್ಟೆ ಸಾಕು.

ಮೂರನೆಯ ಶತ್ರು ಬೀದಿಯ ತುದಿಯ ಔಷಧದ ಅಂಗಡಿಯಲ್ಲಿ ಸಿಗುತ್ತಾನೆ. ನ್ಯೂಯಾರ್ಕಿನ ಸುಲ್ಜ್‌ಬರ್ಗರ್ ಮತ್ತು ವಿಟನ್ 1952ರಲ್ಲಿ ಹೈಡ್ರೋಕಾರ್ಟಿಸೋನ್ ಮುಲಾಮಿನ ಗುಣವನ್ನು ವರದಿ ಮಾಡಿದ ಮೇಲೆ, ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಮುಲಾಮು ಇಸಬಿನ ಪಾಲಿಗೆ ನಿಜವಾದ ವರವಾಯಿತು. ಆದರೆ ಸ್ಟೀರಾಯ್ಡ್, ಬೂಷ್ಟು ನಾಶಕ, ಆ್ಯಂಟಿಬಯೋಟಿಕ್ ಮೂರನ್ನೂ ಒಂದೇ ಟ್ಯೂಬಿನಲ್ಲಿ ಬೆರೆಸಿ, ಯಾವುದಾದರೊಂದು ತಾಗಲಿ ಎಂಬ ಭರವಸೆಯಿಂದ ಮಾರುವ ಪದ್ಧತಿ ವರವನ್ನು ಶಾಪ ಮಾಡಿದೆ. ಕಾಣುತ್ತಿರುವುದು ಇಸಬಲ್ಲದೆ ಹುಳುಕಡ್ಡಿಯಾಗಿದ್ದರೆ ಸ್ಟೀರಾಯ್ಡ್ ಅದಕ್ಕೆ ವೇಷ ಹಾಕಿ ಬೆಳೆಸುತ್ತದೆ. ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಕೇಂದ್ರ ಸರ್ಕಾರ 2018ರಲ್ಲಿ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಇದಕ್ಕೆ ವಿರುದ್ಧವಾಗಿ, ಸ್ಟೀರಾಯ್ಡ್ ಎಂಬ ಹೆಸರು ಕೇಳಿದೊಡನೆ ಬೆದರಿ, ವೈದ್ಯರೇ ಬರೆದುಕೊಟ್ಟದ್ದನ್ನು ಸಾಸಿವೆ ಕಾಳಿನಷ್ಟು ಹಚ್ಚಿ ವ್ರತ ಮುಗಿಸುವವರ ಸಂಖ್ಯೆಯೂ ಕಡಿಮೆಯಿಲ್ಲ. ತೋರುಬೆರಳಿನ ಕೊನೆಯ ಗೆಣ್ಣಿನಷ್ಟು ಉದ್ದಕ್ಕೆ ಟ್ಯೂಬಿನಿಂದ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ ತೂಗುತ್ತದೆ. ದೊಡ್ಡವರ ಎರಡು ಅಂಗೈಯಗಲದ ಜಾಗಕ್ಕೆ ಅದು ಸರಿಯಾದ ಅಳತೆ. ಇದಕ್ಕೂ ಜಗ್ಗದ ತೀವ್ರ ಇಸಬಿಗೆ ಡ್ಯುಪಿಲುಮ್ಯಾಬ್ ಎಂಬ ಚುಚ್ಚುಮದ್ದು 2017ರಿಂದ ಉಂಟು. ಅದರ ಬೆಲೆ ಕೇಳಿದಾಗ ಆಗುವ ನೋವಿನಲ್ಲಿ ತುರಿಕೆ ಸ್ವಲ್ಪ ಹೊತ್ತು ಮರೆಯುವುದೂ ಉಂಟು.

ಕೊನೆಗೆ ಉಳಿಯುವುದು ಯಾವ ವೈಭವವೂ ಇಲ್ಲದ ಜಿಡ್ಡು. ಸ್ನಾನವಾದ ಮೇಲೆ ಟವೆಲಿನಿಂದ ಉಜ್ಜದೆ ಒತ್ತಿ ಒರೆಸಿ, ಮೈಯಲ್ಲಿ ಇನ್ನೂ ಪಸೆಯಿರುವಾಗಲೇ, ಮೂರು ನಿಮಿಷದೊಳಗೆ, ತೇವ ಕಾಯುವ ಕ್ರೀಮನ್ನೋ ರಾಬರ್ಟ್ ಚೀಸ್‌ಬ್ರೋ 1872ರಲ್ಲಿ ಪೇಟೆಂಟ್ ಪಡೆದ ವ್ಯಾಸಲೀನನ್ನೋ ದಪ್ಪಗೆ ಸವರುವುದು. ಉಗುರನ್ನು, ಶುಕ್ರವಾರ ಶನಿವಾರಗಳ ಶಾಸ್ತ್ರ ಕೇಳುತ್ತ ಕೂರದೆ, ಗಿಡ್ಡ ಕತ್ತರಿಸುವುದು. ತುರಿಕೆ ಎದ್ದಾಗ ಕೆರೆಯುವ ಬದಲು ತಣ್ಣೀರಿನ ಒದ್ದೆಬಟ್ಟೆ ಹಾಕುವುದು. ಲೋಷನ್, ಕ್ರೀಮ್, ಜೆಲ್, ಮುಲಾಮುಗಳಲ್ಲಿ ಯಾವುದು ಮೇಲೆಂದು ಇಂಗ್ಲೆಂಡಿನ ಮಕ್ಕಳ ಮೇಲೆ ಪರೀಕ್ಷಿಸಿದಾಗ 2022ರಲ್ಲಿ ದೊರೆತ ಉತ್ತರ, ಎಲ್ಲವೂ ಒಂದೇ, ಹಚ್ಚಿದರೆ ಸರಿ ಎಂಬುದು. ಬ್ರಿಟನ್ನಿನ ಅಧಿಕೃತ ಮಾರ್ಗಸೂಚಿ ಇಸಬಿರುವ ಒಂದು ಮಗುವಿಗೆ ವಾರಕ್ಕೆ 250ರಿಂದ 500 ಗ್ರಾಂ ಹೇಳುತ್ತದೆ; ಕನ್ನಡದ ಮನೆಗಳಲ್ಲಿ ದೀಪಾವಳಿಗೆ ತಂದ 100 ಗ್ರಾಂ ಡಬ್ಬಿ ಯುಗಾದಿಯವರೆಗೆ ಇಡೀ ಕುಟುಂಬಕ್ಕೆ ಬಂದು, ತಳದಲ್ಲಿ ಇನ್ನೂ ಸ್ವಲ್ಪ ಉಳಿದಿರುತ್ತದೆ. ಇಷ್ಟೆಲ್ಲ ಹಚ್ಚಿದರೂ ಗುಣವಾಗಲಿಲ್ಲವೆಂದು ವೈದ್ಯರ ಮುಂದೆ ದೂರುವ ಓದುಗರು, ಹೊರಡುವ ಮುನ್ನ ಆ ಡಬ್ಬಿಯ ಮುಚ್ಚಳವನ್ನು ಒಮ್ಮೆ ತೆಗೆದು ನೋಡಬೇಕೆಂದು ವಿನಂತಿ.